ಆರು ವರ್ಷದ ಮಗು, ಮಂಡಿನೋವಿನ ಅಮ್ಮ: ಒಂದು ದಿನದ ಮಟ್ಟಿಗೆ ರಂಗನತಿಟ್ಟಿಗೆ ಹೋಗಿಬರಬಹುದಾ?

ನೀವು ಕೇಳಿರುವುದು ಇಷ್ಟು. ಬೆಂಗಳೂರಿನಿಂದ ಒಂದು ಭಾನುವಾರ ಹೊರಟು ರಂಗನತಿಟ್ಟು ಪಕ್ಷಿಧಾಮ, ಶ್ರೀರಂಗಪಟ್ಟಣದ ದೇವಸ್ಥಾನ, ಸಂಜೆಗೆ ಬೃಂದಾವನ ಎಲ್ಲಾ ಮುಗಿಸಿ ರಾತ್ರಿ ಮನೆಗೆ ಬರಬಹುದಾ? ಜೊತೆಗೆ ಆರು ವರ್ಷದ ಮಗಳು, ಮಂಡಿನೋವಿರುವ ಅಮ್ಮ. ದೋಣಿ ಬರೀ ಕಾಲು ಗಂಟೆಯಂತೆ, ಅಷ್ಟಕ್ಕೆ ಅಷ್ಟು ದೂರ ಹೋಗೋದು ದಂಡವಾ?

ಖಂಡಿತ ಹೋಗಿ. ಆದರೆ ಉಳಿದ ಎರಡನ್ನೂ ಪಟ್ಟಿಯಿಂದ ಹೊಡೆದುಹಾಕಿ. ಭಾನುವಾರವನ್ನೂ ಬಿಡಿ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಿಮ್ಮಂಥದ್ದೇ ಒಂದು ಪ್ಲಾನನ್ನು ನಾವೂ ಒಮ್ಮೆ ಮಾಡಿದ್ದೆವು. ಆಗಸ್ಟ್ ತಿಂಗಳು. ಮೊದಲು ಮೈಸೂರು, ಅಲ್ಲಿ ತಿಂಡಿ, ಆಮೇಲೆ ಇನ್ನೇನೋ. ರಂಗನತಿಟ್ಟಿನ ಗೇಟಿಗೆ ಬಂದಾಗ ಗಂಟೆ ಹನ್ನೆರಡೂವರೆ. ಒಳಗೆ ಹೋದರೆ ಕಾವೇರಿ ಕೆಂಪಗೆ ಕುದಿಯುತ್ತಾ ಹರಿಯುತ್ತಿದ್ದಾಳೆ. ದೋಣಿಗಳೆಲ್ಲಾ ದಡಕ್ಕೆ ಕಟ್ಟಿಹಾಕಿದ್ದಾರೆ. ಕೆಆರ್‌ಎಸ್ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ, ದೋಣಿ ಇಲ್ಲ. ವಾರದಿಂದ ಮೊಸಳೆ ಮೊಸಳೆ ಅಂತ ಕುಣಿಯುತ್ತಿದ್ದ ಮಗ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ತಪ್ಪು ನಮ್ಮದೇ. ಮಂಡ್ಯದಲ್ಲಿರುವ ನಮ್ಮ ಮಾವನವರು ಬೆಳಗ್ಗೆ ಪೇಪರ್ ಬಂದ ತಕ್ಷಣ ಮೊದಲು ನೋಡುವುದು ದಿನಭವಿಷ್ಯ ಅಲ್ಲ, ಕೆಆರ್‌ಎಸ್ ನೀರಿನ ಮಟ್ಟ. ಗರಿಷ್ಠ ಮಟ್ಟ 124.80 ಅಡಿ. ಅದು ತುಂಬುತ್ತಾ ಬಂತು ಅಂದರೆ ಹೆಚ್ಚಾದ ನೀರನ್ನು ಹೊಳೆಗೆ ಬಿಡಲೇಬೇಕು. ರಂಗನತಿಟ್ಟು ಇರುವುದು ಅಣೆಕಟ್ಟೆಯ ಕೆಳಗೆ, ಅದೇ ಹೊಳೆಯಲ್ಲಿ. ನೀರು ಏರಿದರೆ ತಗ್ಗಿನ ತಿಟ್ಟುಗಳು ಮುಳುಗುತ್ತವೆ, ದೋಣಿ ನಿಲ್ಲುತ್ತದೆ. ಮಾವನಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ನಾವು ಮಾಡಲಿಲ್ಲ. ಹಾಗಾಗಿ ಜೂನ್‌ನಿಂದ ಅಕ್ಟೋಬರ್ ಒಳಗೆ ಹೋಗುವುದಾದರೆ ಹಿಂದಿನ ದಿನದ ಪೇಪರಿನಲ್ಲಿ ಅಣೆಕಟ್ಟೆಯ ಹೊರಹರಿವು ನೋಡಿಕೊಂಡೇ ಹೊರಡಿ. ಮಳೆಗಾಲದಲ್ಲೂ ಹಕ್ಕಿಗಳು ಇರುತ್ತವೆ, ಬಾಯ್ಕಳಕ ಕೊಕ್ಕರೆ ಗೂಡು ಕಟ್ಟುವುದೇ ಹೆಚ್ಚಾಗಿ ಮಳೆ ಬಿದ್ದ ಮೇಲೆ. ಹಕ್ಕಿ ಇಲ್ಲ ಅನ್ನೋದು ಸಮಸ್ಯೆ ಅಲ್ಲ, ಹೊಳೆ ಬಿಡಬೇಕು ಅಷ್ಟೇ.

ಎರಡನೇ ಸಲ ಬುದ್ಧಿ ಬಂದಿತ್ತು. ಮಾರ್ಚ್, ಶುಕ್ರವಾರ, ರಜೆ ಹಾಕಿ ಹೋದೆವು. ಮಗ ಆಗ ಒಂದನೇ ಕ್ಲಾಸು. ಅತ್ತೆಯೂ ಬಂದರು. ಅವರಿಗೂ ಮಂಡಿ ಸರಿ ಇಲ್ಲ, ಹಾಗಾಗಿ ನಿಮ್ಮ ಪ್ರಶ್ನೆ ಓದಿದಾಗ ಇದಕ್ಕೆ ನಾನೇ ಉತ್ತರ ಬರೆಯಬೇಕು ಅನಿಸಿತು.

ಬೆಳಗ್ಗೆ ಐದೂವರೆಗೆ ಮನೆ ಬಿಟ್ಟೆವು. ಹೊಸ ಹೆದ್ದಾರಿ ಬಗ್ಗೆ ಒಂದು ಮಾತು. ಅದು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಯಾವ ಊರಿನ ಒಳಗೂ ಹೋಗುವುದಿಲ್ಲ. ಮದ್ದೂರು ವಡೆ ತಿನ್ನಬೇಕು ಅಂದರೆ ಮೊದಲೇ ಹಳೇ ರಸ್ತೆಗೆ ಇಳಿಯಬೇಕು. ನಾವು ಮಾತಾಡುತ್ತಾ ಮರೆತು ದಾಟಿ ಹೋದೆವು. ಅತ್ತೆಯ ತವರು ಮದ್ದೂರು ತಾಲ್ಲೂಕು. ಊರೇ ಕಾಣದ ರಸ್ತೆ ಎಂಥಾ ರಸ್ತೆ ಅಂತ ಶ್ರೀರಂಗಪಟ್ಟಣದವರೆಗೂ ಗೊಣಗಿದರು. ಪಟ್ಟಣದಿಂದ ರಂಗನತಿಟ್ಟಿಗೆ ನಾಲ್ಕೈದು ಕಿಲೋಮೀಟರ್ ಅಷ್ಟೇ. ಬಾಗಿಲು ತೆಗೆಯುವ ಹೊತ್ತಿಗೆ ನಾವು ಅಲ್ಲಿದ್ದೆವು. ಟಿಕೆಟ್ ದರ ಆಗಾಗ ಬದಲಾಗುತ್ತದೆ, ಗೇಟಿನಲ್ಲೇ ಬೋರ್ಡ್ ಇರುತ್ತದೆ, ನಾನು ಹಳೇ ಲೆಕ್ಕ ಹೇಳಿ ನಿಮ್ಮನ್ನು ದಾರಿ ತಪ್ಪಿಸುವುದಿಲ್ಲ.

ಮೊದಲು ದೋಣಿಗೇ ಹೋಗಿ. ಬಿಸಿಲು ಏರಿದ ಮೇಲೆ ಸಾಲು ಉದ್ದವಾಗುತ್ತದೆ. ನಿಮ್ಮ ಅಮ್ಮನಿಗೆ ಕಷ್ಟ ಅನಿಸುವ ಜಾಗ ಒಂದೇ, ದಡದ ಮೆಟ್ಟಿಲಿನಿಂದ ದೋಣಿಗೆ ಕಾಲಿಡುವಾಗ. ದೋಣಿ ತಗ್ಗಿನಲ್ಲಿರುತ್ತದೆ, ಸ್ವಲ್ಪ ಅಲ್ಲಾಡುತ್ತದೆ. ನಮ್ಮ ದೋಣಿಯವರು ಅತ್ತೆಯ ಕೈ ಹಿಡಿದು ಕೂರಿಸಿಕೊಂಡರು. ಕೂತ ಮೇಲೆ ಯಾವ ತೊಂದರೆಯೂ ಇಲ್ಲ. ಸೀರೆ ಉಡುವವರಾದರೆ ಅವತ್ತು ಒಂದು ದಿನ ಚೂಡಿದಾರ್ ಹಾಕಿಕೊಳ್ಳಲು ಒಪ್ಪಿಸಿ. ನಮ್ಮ ಅತ್ತೆ ಒಪ್ಪಲಿಲ್ಲ, ಅದು ಬೇರೆ ಮಾತು.

ಇಲ್ಲಿ ಹುಟ್ಟು ಹಾಕುವ ದೋಣಿಗಳು. ಅದೇ ಚೆಂದ, ಸದ್ದಿಲ್ಲದೆ ಹತ್ತಿರಕ್ಕೆ ಹೋಗುತ್ತವೆ. ಮೊದಲ ತಿರುವಿನಲ್ಲೇ ಬಂಡೆ ಮೇಲೆ ಒಂದು ಮೊಸಳೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಅದು ಸಿಮೆಂಟಿನದ್ದು ಅಂತ ನಮ್ಮ ಮಗ ಬೆಟ್ ಕಟ್ಟಿದ. ಬಾಯಿ ತೆರೆದುಕೊಂಡಿರೋದು ಮೈ ಕಾವು ಇಳಿಸಿಕೊಳ್ಳೋಕೆ ಅಂತ ನಾನು ಹೇಳಿದರೆ ಯಾರು ಕೇಳುತ್ತಾರೆ. ಆಮೇಲೆ ಅದು ಕಣ್ಣು ಮುಚ್ಚಿ ತೆರೆಯಿತು. ಮಗ ಮಾತೇ ಆಡದೆ ನನ್ನ ತೊಡೆ ಮೇಲೆ ಹತ್ತಿ ಕೂತ. ಅದೇ ಬಂಡೆಯಿಂದ ನಾಲ್ಕು ಮಾರು ದೂರದಲ್ಲಿ ನೀರುಕಾಗೆಯೊಂದು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು, ಮೊಸಳೆ ತನ್ನ ಬಾಡಿಗೆದಾರ ಅನ್ನೋ ಹಾಗೆ.

ದೋಣಿ ನಿಜವಾಗಿಯೂ ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅಷ್ಟಕ್ಕೇ ಮುಗಿಸಿ ಹೊರಟರೆ ನೀವು ಹೇಳಿದ ಹಾಗೆ ದಂಡವೇ. ಬಹಳ ಜನ ಮಾಡುವುದು ಅದನ್ನೇ. ಇಳಿದರು, ಫೋಟೋ ತೆಗೆದರು, ಐಸ್‌ಕ್ರೀಮ್ ತಿಂದರು, ಬೃಂದಾವನಕ್ಕೆ ಓಡಿದರು. ಅಸಲಿಗೆ ರಂಗನತಿಟ್ಟು ಶುರುವಾಗುವುದು ದೋಣಿ ಇಳಿದ ಮೇಲೆ. ಹೊಳೆ ಪಕ್ಕದಲ್ಲೇ ಸಮತಟ್ಟಾದ ಕಾಲುದಾರಿ ಇದೆ, ನೆರಳಿದೆ, ಅಲ್ಲಲ್ಲಿ ಬೆಂಚುಗಳಿವೆ. ಎದುರಿನ ತಿಟ್ಟಿನ ಮರಗಳು ಚೆನ್ನಾಗಿ ಕಾಣುವ ಒಂದು ಬೆಂಚು ಹಿಡಿದು ಎರಡು ಗಂಟೆ ಕೂತುಬಿಡಿ.

ತಿಟ್ಟು ಅಂದರೆ ದಿಬ್ಬ, ಗೊತ್ತಲ್ವಾ. 1640ರ ದಶಕದಲ್ಲಿ ಮೈಸೂರು ಅರಸರ ಕಾಲದಲ್ಲಿ ಇಲ್ಲಿ ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿದರು. ನೀರು ನಿಂತಿತು, ನಡುವೆ ಎತ್ತರದ ಜಾಗಗಳು ದ್ವೀಪಗಳಾಗಿ ಉಳಿದವು. ಹಕ್ಕಿಗಳಿಗೆ ಅದೇ ಬೇಕಿತ್ತು, ಸುತ್ತ ನೀರು ಇದ್ದರೆ ನಾಯಿ ಬೆಕ್ಕು ಗೂಡಿನ ಹತ್ತಿರ ಸುಳಿಯುವುದಿಲ್ಲ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಇದನ್ನು ನೋಡಿ, ಕಾಪಾಡಿ ಅಂತ ಮೈಸೂರು ಸಂಸ್ಥಾನಕ್ಕೆ ಹೇಳಿದ ಮೇಲೆ ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವೂ ಆಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ. ಇಷ್ಟು ಹೆಸರಿನ ಪಕ್ಷಿಧಾಮ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ! ಅದಕ್ಕೇ ವಯಸ್ಸಾದವರಿಗೆ ಸರಿಹೋಗುವುದು. ನಡೆದು ಸುಸ್ತಾಗುವಷ್ಟು ಜಾಗವೇ ಇಲ್ಲ.

ಆ ಎರಡು ಗಂಟೆಯಲ್ಲಿ ಏನು ನೋಡಿದೆವು ಅಂತ ಹೇಳುತ್ತೇನೆ. ಎದುರಿನ ಮರದ ತುಂಬಾ ಬಣ್ಣದ ಕೊಕ್ಕರೆ ಗೂಡುಗಳು. ದೊಡ್ಡವಕ್ಕೆ ಬಾಲದ ಹತ್ತಿರ ಗುಲಾಬಿ ಗರಿ, ಹಳದಿ ಕೊಕ್ಕು. ಮರಿಗಳು ಬರೀ ಬೂದು, ಇವೇ ಅವಾ ಅಂತ ಅನುಮಾನ ಬರಬೇಕು. ಒಂದು ಕೊಕ್ಕರೆ ಪಕ್ಕದ ಗೂಡಿನಿಂದ ಮೆಲ್ಲಗೆ ಒಂದು ಕಡ್ಡಿ ಎಳೆಯಿತು. ಅತ್ತೆ ಎದ್ದು ನಿಂತೇ ಬಿಟ್ಟರು. "ನೋಡ್ಲಾ ಮಗ, ಪಕ್ಕದ ಮನೆ ಸೌದೆ ಕದೀತಾ ಅವ್ಳೆ!" ಅಲ್ಲಿಂದ ಮುಂದೆ ಅವರಿಗೆ ಅದು ಹಕ್ಕಿ ಮರ ಅಲ್ಲ, ವಠಾರ. ಯಾವ ಮನೆಯವಳು ಎಲ್ಲಿಗೆ ಹೋದಳು, ಯಾರ ಮರಿ ಯಾಕೆ ಅಳುತ್ತಿದೆ, ಎಲ್ಲಾ ಲೆಕ್ಕ ಇಟ್ಟರು. ಬಿಸಿಲು ಏರಿದ ಹಾಗೆ ಒಂದು ತಾಯಿ ರೆಕ್ಕೆ ಅಗಲಿಸಿ ಮರಿಗಳಿಗೆ ಕೊಡೆ ಹಿಡಿದು ನಿಂತಿತು. ಇನ್ನೊಂದು ಎಲ್ಲಿಂದಲೋ ಬಂದು ಗೂಡಿಗೆ ನೀರು ಕಕ್ಕಿತು. ಮರಿಗಳಿಗೆ ಕುಡಿಯಲೂ ಅದೇ, ಮೈ ತಂಪಾಗಲೂ ಅದೇ. ಮಗನಿಗೆ ಇದು ವಾಂತಿ ಅಂತ ಗೊತ್ತಾದದ್ದೇ ತಡ, ಮೊಸಳೆ ಮರೆತೇ ಹೋಯಿತು. ವಾರಪೂರ್ತಿ ಕ್ಲಾಸಿನಲ್ಲಿ ಎಲ್ಲರಿಗೂ ಅದನ್ನೇ ಹೇಳಿದನಂತೆ.

ಚಮಚದ ಕೊಕ್ಕಿನ ಹಕ್ಕಿಗಳೂ ಇದ್ದವು. ತಗ್ಗು ನೀರಿನಲ್ಲಿ ಕೊಕ್ಕನ್ನು ಅತ್ತ ಇತ್ತ ಆಡಿಸುತ್ತಾ ನಡೆಯುತ್ತವೆ, ಸೌಟಿನಲ್ಲಿ ಸಾರು ತಿರುವಿದ ಹಾಗೆ. ಬಾಯ್ಕಳಕವನ್ನು ಹತ್ತಿರದಿಂದ ನೋಡಿದರೆ ಕೊಕ್ಕು ಮುಚ್ಚಿದರೂ ನಡುವೆ ಸಂದು ಕಾಣುತ್ತದೆ. ಬಸವನಹುಳು ತಿನ್ನುವ ಹಕ್ಕಿ ಅದು. ದೊಡ್ಡ ಮರದಲ್ಲಿ ಬಾವಲಿಗಳು ಒಣಗಲು ಹಾಕಿದ ಕೊಡೆಗಳ ಹಾಗೆ ನೇತಾಡುತ್ತಿರುತ್ತವೆ, ಮಕ್ಕಳಿಗೆ ತೋರಿಸಿ. ನೀರುನಾಯಿ ಇವೆ, ನಮಗೆ ಕಾಣಲಿಲ್ಲ.

ತಿಂಗಳು ಯಾವುದು ಅಂದರೆ, ನನ್ನ ಮತ ಫೆಬ್ರವರಿ ಕೊನೆಯಿಂದ ಮಾರ್ಚ್. ಡಿಸೆಂಬರ್, ಜನವರಿಯಲ್ಲಿ ಹವೆ ಚೆನ್ನ, ವಲಸೆ ಹಕ್ಕಿಗಳೂ ಇರುತ್ತವೆ, ಆದರೆ ಚಿಕ್ಕ ಮಕ್ಕಳಿಗೆ ಬೇಕಾಗಿರುವುದು ಗೂಡು, ಮರಿ, ಜಗಳ. ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ಗಂಟೆ ಮೇಲೆ ನಿಮ್ಮ ಅಮ್ಮನಿಗೆ ಬಿಸಿಲು ತಡೆಯುವುದಿಲ್ಲ.

ಊಟ ಮನೆಯಿಂದಲೇ ಒಯ್ಯಿರಿ, ಆದರೆ ಒಳಗೆ ಬಿಚ್ಚಬೇಡಿ. ನಾವು ಬೆಂಚಿನ ಮೇಲೆ ಚಕ್ಕುಲಿ ಡಬ್ಬಿ ತೆಗೆದ ಅರ್ಧ ನಿಮಿಷಕ್ಕೆ ಕೋತಿ ಹಾಜರ್. ಡಬ್ಬಿ ವಾಪಸ್ ಸಿಕ್ಕಿತು, ಮುಚ್ಚಳ ಸಿಗಲಿಲ್ಲ. ಮೊಸರನ್ನ ಆಮೇಲೆ ಕಾರಿನಲ್ಲೇ ಕೂತು ತಿಂದೆವು.

ಹನ್ನೆರಡಕ್ಕೆ ಹೊರಟರೆ ಮಧ್ಯಾಹ್ನ ಪೂರ್ತಿ ಉಳಿಯಿತಲ್ಲಾ, ಏನು ಮಾಡೋದು ಅಂತ ನೀವು ಕೇಳುತ್ತೀರಿ. ಬೃಂದಾವನಕ್ಕಿಂತ ಕೊಕ್ಕರೆ ಬೆಳ್ಳೂರು ಮೇಲು. ವಾಪಸ್ ಬರುವ ದಿಕ್ಕಿನಲ್ಲೇ, ಮದ್ದೂರು ದಾಟಿ ಹಳೇ ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಬೇಕು. ಅಲ್ಲಿ ಟಿಕೆಟ್ಟೂ ಇಲ್ಲ, ದೋಣಿಯೂ ಇಲ್ಲ, ಅದೊಂದು ಮಾಮೂಲಿ ಹಳ್ಳಿ. ಮನೆಗಳ ನಡುವಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೆಳಗೆ ಜನ ಓಡಾಡುತ್ತಿರುತ್ತಾರೆ, ಹಸು ಕಟ್ಟಿರುತ್ತಾರೆ. ಊರಿನವರು ಅವನ್ನು ಓಡಿಸುವುದಿಲ್ಲ. ಹಿಕ್ಕೆ ಹೊಲಕ್ಕೆ ಗೊಬ್ಬರ ಅನ್ನೋದು ಒಂದು, ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನೋ ಭಾವನೆ ಇನ್ನೊಂದು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಮರದ ಕೆಳಗೆ ನಿಲ್ಲುವಾಗ ತಲೆ ಮೇಲೆ ಏನಾದರೂ ಹಾಕಿಕೊಳ್ಳಿ, ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಜೂನ್ ಹೊತ್ತಿಗೆ ಮರಗಳು ಖಾಲಿ, ಆಗ ಹೋಗಬೇಡಿ. ಅಲ್ಲಿಗೆ ಹೋಗುವ ದಾರಿಯಲ್ಲೇ ಮದ್ದೂರಿನಲ್ಲಿ ಇಳಿದು ವಡೆ ತಿನ್ನಿ. ಅತ್ತೆಯನ್ನು ನಾವು ಸಮಾಧಾನ ಮಾಡಿದ್ದೂ ಹಾಗೇ.

ಮಗಳಿಗೆ ಹೊತ್ತು ಹೋಗದೆ ಬೇಜಾರಾದರೆ ಅನ್ನೋ ಭಯ ಇದ್ದರೆ ಒಂದು ಸಣ್ಣ ದುರ್ಬೀನು ಸಾಲ ತೆಗೆದುಕೊಂಡಾದರೂ ಹೋಗಿ. ಒಂದೇ ಸಿಕ್ಕಿದರೆ ಮೊದಲು ಅಮ್ಮನಿಗೆ ಕೊಡಿ. ಮಗಳ ಕೈಗೆ ಹೋದ ಮೇಲೆ ಅದು ವಾಪಸ್ ಬರೋದಿಲ್ಲ.