13 ವರ್ಷದ ಮಗಳ ಬೆನ್ನುಮೂಳೆ 32 ಡಿಗ್ರಿ ಸೊಟ್ಟ ಇದೆ. ಬೆಲ್ಟ್ ಸಾಕಾ, ಆಪರೇಷನ್ನೇ ಬೇಕಾ?

ಡಾಕ್ಟರು ಬೆಲ್ಟ್ (ಮೈಗೆ ಬಿಗಿಯಾಗಿ ತೊಡಿಸುವ ಗಟ್ಟಿ ಬ್ರೇಸ್) ಹೇಳಿದ್ದಾರೆ, ನೆಂಟರು ಎಣ್ಣೆ ಹಾಕಿ ನೀವಿಸಿ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ, ಮಂಡ್ಯದ ಒಬ್ಬ ತಾಯಿ. ನೀವಿಸಲು ಹೋಗಿ ಒಂದೂವರೆ ವರ್ಷ ಕಳೆದುಕೊಂಡವಳು.

ನಮಗೆ ಗೊತ್ತಾಗಿದ್ದು ದೀಪಾವಳಿಯ ಎಣ್ಣೆಸ್ನಾನದ ದಿನ. ಮಣೆ ಮೇಲೆ ಬಗ್ಗಿ ಕೂತಿದ್ದ ಮಗಳ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದೆ. ಬಲಗಡೆ ಪಕ್ಕೆಲುಬು ಉಬ್ಬಿಕೊಂಡಿತ್ತು, ಎಡಗಡೆ ತಗ್ಗು. ಮೂಳೆ ಪಕ್ಕಕ್ಕೆ ವಾಲುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತದೆ. ಉಬ್ಬು ಬರುವುದು ಅದಕ್ಕೇ. ನಮ್ಮತ್ತೆ ಸ್ಕೂಲ್ ಬ್ಯಾಗನ್ನು ಬೈದರು. ಪಾಪ, ಬ್ಯಾಗಿನ ತಪ್ಪಿಲ್ಲ. ಈ ವಯಸ್ಸಿನಲ್ಲಿ ಬರುವ ಸ್ಕೋಲಿಯೋಸಿಸ್‌ಗೆ, ಅಂದರೆ ಬೆನ್ನುಮೂಳೆ ಹೀಗೆ ಸೊಟ್ಟಗಾಗುವುದಕ್ಕೆ, ಬಹುತೇಕ ಕಾರಣವೇ ಸಿಗುವುದಿಲ್ಲ.

ಆಗ 28 ಡಿಗ್ರಿ ಇತ್ತು. ನೀವುವವರ ಹತ್ತಿರ ಓಡಾಡಿ ಮತ್ತೆ ಎಕ್ಸ್‌ರೇ ತೆಗೆಸಿದಾಗ 52.

ಸಾಮಾನ್ಯವಾಗಿ ಬೆಳೆಯುವ ಮಕ್ಕಳಿಗೆ 25ರಿಂದ 40 ಡಿಗ್ರಿವರೆಗೆ ಬೆಲ್ಟ್, 45-50 ದಾಟಿದರೆ ಆಪರೇಷನ್ ಮಾತು. ನಿಮ್ಮ ಮಗಳು ಬೆಲ್ಟಿನ ಲೆಕ್ಕದಲ್ಲೇ ಇದ್ದಾಳೆ. ಬೆಲ್ಟ್ ಮೂಳೆಯನ್ನು ನೆಟ್ಟಗೆ ಮಾಡುವುದಿಲ್ಲ, ಜಾಸ್ತಿಯಾಗದಂತೆ ತಡೆಯುತ್ತದೆ ಅಷ್ಟೇ. 2013ರಲ್ಲಿ ಅಮೆರಿಕ, ಕೆನಡಾದ ಮಕ್ಕಳ ಮೇಲಿನ ಅಧ್ಯಯನವೊಂದು ಬಂತು. ಬೆಲ್ಟ್ ಹಾಕಿದವರಲ್ಲಿ ಶೇ. 72, ಹಾಕದವರಲ್ಲಿ ಶೇ. 48 ಮಕ್ಕಳು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದರು. ದಿನಕ್ಕೆ ಕನಿಷ್ಠ 18 ಗಂಟೆ ಹಾಕಬೇಕು ಅಂತಿತ್ತು. ನಮ್ಮ ಕಡೆ ಬೇಸಿಗೆಯಲ್ಲಿ ಅದು ಶಿಕ್ಷೆಯೇ ಅನ್ನಿ. ಒಳಗೆ ಹೊಲಿಗೆಯಿಲ್ಲದ ಕಾಟನ್ ಬನಿಯನ್ ಹಾಕಿಸಿ, ಇಲ್ಲದಿದ್ದರೆ ಚರ್ಮ ಕಿತ್ತುಹೋಗುತ್ತದೆ.

ನನ್ನ ಮಗಳಿಗೆ ಆಪರೇಷನ್ ಆಗಿದ್ದು ಮೈಸೂರಿನಲ್ಲಿ. ಮೂಳೆಗೆ ಸ್ಕ್ರೂ ಹಾಕಿ, ಎರಡು ಪಕ್ಕ ರಾಡ್ ಕೂರಿಸಿ, ಮೇಲೆ ಮೂಳೆಚೂರು ತುಂಬುತ್ತಾರೆ. ಕೊನೆಗೆ ಆ ಭಾಗ ಒಂದೇ ಮೂಳೆಯಾಗಿ ಬೆಸೆದುಕೊಳ್ಳುತ್ತದೆ. ಕಾಲಿನ ಶಕ್ತಿ ಹೋದರೆ ಅನ್ನೋದೇ ನನ್ನ ಭಯವಾಗಿತ್ತು. ಆ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಹಿಂದೆ ಆಪರೇಷನ್ ನಡುವೆಯೇ ರೋಗಿಯನ್ನು ಎಬ್ಬಿಸಿ 'ಕಾಲು ಆಡಿಸು' ಅನ್ನುತ್ತಿದ್ದರಂತೆ. ಈಗ ತಲೆಗೂ ಕಾಲಿಗೂ ವೈರ್ ಹಚ್ಚಿ, ನರದ ಸಂಕೇತ ಹೋಗುತ್ತಿದೆಯಾ ಎಂದು ಮೆಷಿನ್‌ನಲ್ಲೇ ನೋಡುತ್ತಾರೆ. ಮೂರನೇ ದಿನ ನಡೆದಳು. ಒಂದೂವರೆ ಇಂಚು ಉದ್ದವಾಗಿ ಯೂನಿಫಾರಂ ಗಿಡ್ಡವಾಯಿತು! ಆದರೆ ಬೆನ್ನು ಬಗ್ಗುವುದಿಲ್ಲ. ರಂಗೋಲಿಯನ್ನು ಈಗ ಕುಕ್ಕರಗಾಲಲ್ಲಿ ಕೂತು, ಚುಕ್ಕಿ ಕಡಿಮೆ ಮಾಡಿ ಹಾಕುತ್ತಾಳೆ.

ಡಿಗ್ರಿಯಷ್ಟೇ ಮುಖ್ಯ ಬೆಳವಣಿಗೆ ಎಷ್ಟು ಬಾಕಿ ಅನ್ನೋದು. ಸೊಂಟದ ಎಕ್ಸ್‌ರೇಯಲ್ಲಿ ಅದನ್ನು 0ರಿಂದ 5ರವರೆಗೆ ಅಳೆಯುತ್ತಾರೆ, ರಿಸ್ಸರ್ ಅಂತಾರೆ. ಮುಂದಿನ ಸಲ ಡಾಕ್ಟರನ್ನು ಅದು ಎಷ್ಟಿದೆ ಅಂತ ಕೇಳಿ. 0 ಅಥವಾ 1 ಅಂದರೆ ಬೆಳವಣಿಗೆ ಇನ್ನೂ ತುಂಬಾ ಬಾಕಿ ಇದೆ, ಬೆಲ್ಟಿಗೆ ಅಳತೆ ಕೊಟ್ಟೇ ಮನೆಗೆ ಬನ್ನಿ.