ಡಿಂಗಾಚ್ ಬಾಟಲಿಯನ್ನು ಮೊದಲು ಫ್ರಿಜ್‌ನ ಮೇಲಿಂದ ಇಳಿಸಿ

ಸರ್, ಈ ಗುಂಪಿನಲ್ಲಿ ನೀವು ಹಾಕಿದ ಫೋಟೊ ನೋಡಿದ ಕೂಡಲೇ ಬರೆಯಲು ಕುಳಿತೆ. ಕ್ರೊಯೇಷಿಯಾದ ಎರಡು ಬಾಟಲಿ: ಪೆಲ್ಯೆಶಾತ್ಸ್ ಪರ್ಯಾಯದ್ವೀಪದ ಕೆಂಪು ವೈನ್ ಡಿಂಗಾಚ್ ಒಂದು, ಕೋರ್ಚುಲಾ ದ್ವೀಪದ ಬಿಳಿ ವೈನ್ ಪೊಶಿಪ್ ಒಂದು, ಎರಡೂ ಫ್ರಿಜ್‌ನ ನೆತ್ತಿಯ ಮೇಲೆ ನಿಂತಿವೆ. ಶನಿವಾರ ವಿವಾಹ ವಾರ್ಷಿಕೋತ್ಸವಕ್ಕೆ ಆಂಧ್ರ ಶೈಲಿಯ ಮಟನ್ ಬಿರಿಯಾನಿಯ ಜೊತೆ ಡಿಂಗಾಚ್ ತೆರೆಯುತ್ತೀರಂತೆ. ಕೆಂಪು ವೈನನ್ನು ತಣ್ಣಗೆ ಮಾಡಬಾರದು, ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕು ಎಂದೂ ಬರೆದಿದ್ದೀರಿ. ಇದೇ ಮಾತನ್ನು ನಂಬಿ ನಾನೂ ಹಿಂದೆ ಒಂದು ಒಳ್ಳೆಯ ಬಾಟಲಿಯನ್ನು ಹಾಳು ಮಾಡಿದ್ದೇನೆ. ಆ ಕೋಣೆ ಯಾವ ಊರಿನದು ಎಂದು ಯಾರೂ ಹೇಳುವುದಿಲ್ಲ. ಯುರೋಪಿನ ಕಲ್ಲುಗೋಡೆಯ ಮನೆಯ 16–18 ಡಿಗ್ರಿಯ ಕೋಣೆ ಅದು. ಬೇಸಿಗೆಯಲ್ಲಿ ಬೆಂಗಳೂರಿನ ಫ್ಲ್ಯಾಟ್ 30ರ ಆಸುಪಾಸಿನಲ್ಲಿರುತ್ತದೆ, ಫ್ರಿಜ್‌ನ ಮೇಲೆ ಅದಕ್ಕಿಂತ ಬಿಸಿ.

ಬೇರೆ ಕೆಂಪು ವೈನಾಗಿದ್ದರೆ ಹೇಗೋ ಸಹಿಸಬಹುದಿತ್ತು. ಡಿಂಗಾಚ್ ಮಾಡುವ ದ್ರಾಕ್ಷಿ ತಳಿ ಪ್ಲಾವಾತ್ಸ್ ಮಾಲಿ; ಅದು ಸಹಿಸುವುದಿಲ್ಲ. ಈ ತಳಿಯ ಗೊಂಚಲು ಒಂದೇ ಸಮನೆ ಹಣ್ಣಾಗುವುದಿಲ್ಲ. ಒಂದೇ ಗೊಂಚಲಿನಲ್ಲಿ ಹಸಿರು ಕಾಯಿಯೂ ಇರುತ್ತದೆ, ಕಳಿತ ಹಣ್ಣೂ ಇರುತ್ತದೆ, ಒಣಗಿ ಒಣದ್ರಾಕ್ಷಿಯಾದದ್ದೂ ಇರುತ್ತದೆ. ಸಕ್ಕರೆಯೆಲ್ಲ ಆ ಒಣಗಿದ್ದರಲ್ಲಿ. ಅದರ ಮೇಲೆ ಈ ವೈನಿಗೆ ಹೆಸರು ಕೊಟ್ಟ ಡಿಂಗಾಚ್ ಇಳಿಜಾರು: ಕಡಿದಾದ ಬೆಟ್ಟ, ದಕ್ಷಿಣದ ಕಡೆಗೆ ಮುಖ, ಕೆಳಗೆ ಆಡ್ರಿಯಾಟಿಕ್ ಸಮುದ್ರ. ಅಲ್ಲಿ ಬಿಸಿಲು ಮೂರು ಸಲ ಬೀಳುತ್ತದೆ ಎನ್ನುತ್ತಾರೆ: ಆಕಾಶದಿಂದ ಒಮ್ಮೆ, ನೀರಿನಿಂದ ಒಮ್ಮೆ, ಕಲ್ಲಿನಿಂದ ಒಮ್ಮೆ. ಹಾಗಾಗಿ ಲೇಬಲ್ ಮೇಲೆ 14.5, 15 ಎಂಬ ಅಂಕಿ ಸಾಮಾನ್ಯ. ಅಷ್ಟು ಆಲ್ಕೋಹಾಲ್ ಇರುವ ವೈನ್ ಬಿಸಿಯಾದರೆ ಹಣ್ಣಿನ ಪರಿಮಳ ಅಡಗಿ ಬರೀ ಘಾಟು ಮೂಗಿಗೆ ಹೊಡೆಯುತ್ತದೆ. ಆಮೇಲೆ "ಕ್ರೊಯೇಷಿಯಾದ ವೈನ್ ಒರಟು" ಎಂದು ಇದೇ ಗುಂಪಿನಲ್ಲಿ ಬರೆಯುತ್ತೀರಿ. ತಪ್ಪು ವೈನಿನದಲ್ಲ.

ನಾನು ಮಾಡುವುದು ಇಷ್ಟು. ಬಕೆಟ್‌ಗೆ ಮಂಜುಗಡ್ಡೆ, ಅದು ತೇಲುವಷ್ಟು ನೀರು, ಒಂದು ಹಿಡಿ ಕಲ್ಲುಪ್ಪು. ಬರೀ ಮಂಜುಗಡ್ಡೆ ಸುರಿದರೆ ಗಾಜಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನೀರು ಬೇಕೇ ಬೇಕು. ಬಾಟಲಿಯನ್ನು ಕುತ್ತಿಗೆಯವರೆಗೆ ಮುಳುಗಿಸಿ, ಕೆಂಪಿಗೆ ಹನ್ನೆರಡರಿಂದ ಹದಿನೈದು ನಿಮಿಷ, ಬಿಳಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು. ಮುಟ್ಟಿದರೆ ತಂಪೆನಿಸಬೇಕು, ಕೈ ಜುಮ್ಮೆನ್ನಬಾರದು. ಪ್ಲಾವಾತ್ಸ್‌ಗೆ 16–17 ಸಾಕು; ಇನ್ನೂ ತಣ್ಣಗಾದರೆ ಒಗರು ನಾಲಿಗೆಯನ್ನು ಹಿಡಿದುಕೊಳ್ಳುತ್ತದೆ. ಬಕೆಟ್ ಬೇಡವೆನ್ನುವವರು ಫ್ರಿಜ್‌ನ ಒಳಗೆ ಒಂದೂಕಾಲು ಗಂಟೆ ಇಡಿ. ಫ್ರೀಜರ್ ಬೇಡ, ಇಟ್ಟದ್ದು ಮರೆತುಹೋಗುತ್ತದೆ, ಬಿರಡೆ ಮೇಲೆದ್ದು ಬರುತ್ತದೆ. ಲೋಟಕ್ಕೆ ಸ್ವಲ್ಪ ಸ್ವಲ್ಪವೇ ಬಗ್ಗಿಸಿ, ನಮ್ಮ ಸೆಖೆಗೆ ಕಾಲು ಗಂಟೆಯಲ್ಲಿ ಮತ್ತೆ ಬಿಸಿಯಾಗುತ್ತದೆ. ಎಸಿ ಹಾಕಿದ್ದರೆ ಈ ಲೆಕ್ಕವೆಲ್ಲ ಸಡಿಲ.

ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ, ಸೋಸದೆ ತುಂಬಿದ್ದರೆ ಗಸಿ ತಳಕ್ಕೆ ಇಳಿಯಲಿ. ಎಳೆಯ ಡಿಂಗಾಚ್ ಆದರೆ ಒಂದು ಗಂಟೆ ಮೊದಲು ಗಾಜಿನ ಜಗ್ಗಿಗೆ ಬಗ್ಗಿಸಿ. ಹತ್ತು ವರ್ಷ ದಾಟಿದ್ದಾದರೆ ಹಾಗೆ ಗಾಳಿಗೆ ಬಿಡಬೇಡಿ, ತೆರೆದ ಕೂಡಲೇ ಕುಡಿಯಿರಿ. ದುಬಾರಿ ಡಿಕ್ಯಾಂಟರ್ ಕೊಳ್ಳುವ ಅಗತ್ಯವಿಲ್ಲ. ಆದರೆ ಕಳೆದ ವಾರ ಇಲ್ಲಿ ಒಬ್ಬರು ತಾಮ್ರದ ಚೊಂಬಿಗೆ ಬಗ್ಗಿಸಿದ ಚಿತ್ರ ಹಾಕಿದ್ದರು, ಅದಕ್ಕೆ ನಲವತ್ತು ಮೆಚ್ಚುಗೆ! ಹುಳಿ ಪದಾರ್ಥವನ್ನು ಕಲಾಯಿ ಇಲ್ಲದ ತಾಮ್ರದಲ್ಲಿ ಇಡಬಾರದೆಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು.

ಇನ್ನು ಬಿರಿಯಾನಿ. ಖಾರದ ಉರಿಯನ್ನು ಆಲ್ಕೋಹಾಲ್ ಹೆಚ್ಚಿಸುತ್ತದೆ, ಒಗರು ಸೇರಿದರೆ ಬಾಯಿಯೇ ಸುಟ್ಟಂತೆ. ಆ ಬಿರಿಯಾನಿಗೆ ಮಜ್ಜಿಗೆ ಸಾಕು. ಕ್ರೊಯೇಷಿಯಾದ ಕರಾವಳಿ ಡಾಲ್ಮೇಷಿಯಾದಲ್ಲಿ ಈ ವೈನಿಗೆ ಪೇಕಾ ಎಂಬ ಗುಮ್ಮಟದಂಥ ಮುಚ್ಚಳದಡಿ ಕೆಂಡದಲ್ಲಿ ಬೆಂದ ಕುರಿಮರಿ, ವಿನಿಗರ್‌ನಲ್ಲಿ ನೆನೆಸಿಟ್ಟು ನಿಧಾನವಾಗಿ ಬೇಯಿಸಿದ ದನದ ಮಾಂಸದ ಪಾಶ್ತಿಸಾದಾ, ಪಾಗ್ ದ್ವೀಪದ ಕುರಿಹಾಲಿನ ಚೀಸ್. ನಮ್ಮಲ್ಲಿ ಹತ್ತಿರವಾದದ್ದು ಕೊಡಗಿನ ಪಂದಿ ಕರಿ. ಕಾಚಂಪುಳಿಯ ಹುಳಿಗೂ ಮೆಣಸಿನ ಕಾಳಿಗೂ ಪ್ಲಾವಾತ್ಸ್ ಸೊಗಸಾಗಿ ಒಗ್ಗುತ್ತದೆ, ಹಸಿಮೆಣಸಿನಕಾಯಿ ಕಡಿಮೆ ಇರಬೇಕು ಅಷ್ಟೇ. ಹಂದಿ ತಿನ್ನದವರು ಮಟನ್ ಪೆಪ್ಪರ್ ರೋಸ್ಟ್ ಮಾಡಿಕೊಳ್ಳಿ. ಪೊಶಿಪ್‌ಗೆ ಕಾಣೆ ಮೀನಿನ ರವಾ ಫ್ರೈ, 10–12 ಡಿಗ್ರಿಯಲ್ಲಿ. ಖಾರದ ಊಟಕ್ಕೇ ಕ್ರೊಯೇಷಿಯಾದ್ದು ಬೇಕೆಂದರೆ ಮುಂದಿನ ಸಲ ಒಳನಾಡು ಸ್ಲಾವೊನಿಯಾದ ಬಿಳಿ ವೈನ್ ಗ್ರಾಶೆವಿನಾ ತನ್ನಿ, ಲೇಬಲ್ ಮೇಲೆ ಪೊಲುಸುಹೊ (ಸೆಮಿ-ಡ್ರೈ) ಎಂದಿದ್ದರೆ ಸ್ವಲ್ಪ ಸಿಹಿ ಉಳಿದಿರುತ್ತದೆ, ಅದು ಖಾರವನ್ನು ತಣಿಸುತ್ತದೆ. ಅಲ್ಲಿನ ಕುತ್ಯೆವೊ ಊರಿನ ವೈನ್ ನೆಲಮಾಳಿಗೆಯ ಚರಿತ್ರೆಯನ್ನು 1232ರಿಂದ ಎಣಿಸುತ್ತಾರೆ. ಆ ಊರಿನ ಕ್ರೌಟ್‌ಹಾಕರ್ ನನ್ನ ಮೆಚ್ಚಿನ ವೈನ್ ತಯಾರಕರು. ಇಸ್ಟ್ರಿಯಾದ ಬಿಳಿ ವೈನ್ ಮಾಲ್ವಾಜಿಯಾ ಆದರೆ ಕೊಜ್ಲೊವಿಚ್ ಅವರದ್ದು, ಆದರೆ ಇತ್ತೀಚಿನ ಸುಗ್ಗಿಯದ್ದನ್ನೇ ಕೊಳ್ಳಿ, ಇಟ್ಟು ಹಳತು ಮಾಡಬೇಡಿ. ಕಾಬೊಲಾದವರು ಆಂಫೊರಾ ಎಂಬ ಮಣ್ಣಿನ ಹೂಜಿಯಲ್ಲಿ ಮಾಡುವುದು ಬೇರೆಯೇ ಜಾತಿ, ಅದು ಇಟ್ಟರೂ ನಡೆಯುತ್ತದೆ.

ನಿಮ್ಮ ಫೋಟೊದ ಕೆಳಗೆ ಒಬ್ಬರು "ಇದೆಲ್ಲ ಇಟಲಿಯ ನಕಲು" ಎಂದಿದ್ದಾರೆ. ಸ್ವಾಮೀ, ಕ್ಯಾಲಿಫೋರ್ನಿಯಾದ ಜಿನ್‌ಫ್ಯಾಂಡಲ್, ಇಟಲಿಯ ಪ್ರಿಮಿಟಿವೊ ಎರಡೂ ಡಾಲ್ಮೇಷಿಯಾದ ದ್ರಾಕ್ಷಿ ತಳಿ ತ್ಸರ್ಲ್ಯೆನಾಕ್ ಕಾಷ್ಟೆಲಾನ್ಸ್ಕಿಯೇ. 2001ರಲ್ಲಿ ಸ್ಪ್ಲಿಟ್ ಬಳಿಯ ಕಾಷ್ಟೆಲಾ ಭಾಗದ ಹಳೆಯ ತೋಟವೊಂದರ ಬಳ್ಳಿಯ ಡಿಎನ್‌ಎ ಹೊಂದಿಸಿ ತೋರಿಸಿದವರು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಕ್ಯಾರಲ್ ಮೆರಡಿತ್, ಝಾಗ್ರೆಬ್‌ನ ಇವಾನ್ ಪೇಯಿಚ್ ಮತ್ತು ಎಡಿ ಮಾಲೆಟಿಚ್. ಪ್ಲಾವಾತ್ಸ್ ಮಾಲಿ ಅದರ ಮಗು, ಇನ್ನೊಂದು ಕಡೆಯ ಪೋಷಕ ತಳಿ ಡೊಬ್ರಿಚಿಚ್. 1976ರ ಪ್ಯಾರಿಸ್ ವೈನ್ ರುಚಿ ಪರೀಕ್ಷೆಯಲ್ಲಿ ಫ್ರಾನ್ಸಿನವರನ್ನು ಸೋಲಿಸಿದ್ದು ಕ್ಯಾಲಿಫೋರ್ನಿಯಾದ ಶಾತೊ ಮಾಂಟೆಲೀನಾದ ಬಿಳಿ ವೈನ್ ಶಾರ್ಡನೆ; ಅದನ್ನು ಮಾಡಿದ ಮೈಕ್ ಗರ್ಗಿಚ್ ಡಾಲ್ಮೇಷಿಯಾದ ಹಳ್ಳಿಯ ಹುಡುಗ. 1996ರಲ್ಲಿ ಪೆಲ್ಯೆಶಾತ್ಸ್‌ನ ಟ್ರ್‌ಸ್ಟೆನಿಕ್‌ನಲ್ಲಿ ಸ್ವಂತ ವೈನರಿ ತೆರೆದರು. ಅವರ ಪ್ಲಾವಾತ್ಸ್ ಸ್ವಲ್ಪ ದುಬಾರಿ, ಆದರೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಇನ್ನು ಕ್ರೊಯೇಷಿಯಾಕ್ಕೆ ಹೋಗುವವರಿಗೆ: ಡುಬ್ರೊವ್ನಿಕ್‌ನ ಹಳೆಪಟ್ಟಣದಲ್ಲಿ ಬಿಸಿಲಿಗೆ ಸಾಲಾಗಿ ನಿಲ್ಲಿಸಿದ ಬಾಟಲಿ ಕೊಳ್ಳಬೇಡಿ. ಕಾರಿದ್ದರೆ ಪೆಲ್ಯೆಶಾತ್ಸ್‌ನ ಪೊತೊಮ್ಯೆ ಹಳ್ಳಿಗೆ ಹೋಗಿ. ಅಲ್ಲಿಂದ ಬೆಟ್ಟ ಕೊರೆದ ಸುರಂಗ ದಾಟಿದರೆ ನೇರವಾಗಿ ಡಿಂಗಾಚ್ ತೋಟ. 1970ರ ದಶಕದಲ್ಲಿ ಅದು ಆಗುವವರೆಗೆ ದ್ರಾಕ್ಷಿ ಬೆಟ್ಟ ಹತ್ತಿ ಬರುತ್ತಿದ್ದುದು ಕತ್ತೆಯ ಬೆನ್ನಿನ ಮೇಲೆ. ಲೇಬಲ್ ಮೇಲೆ ಕತ್ತೆಯ ಚಿತ್ರ ಇರುವುದನ್ನು ಕಂಡು ನಗಬೇಡಿ, ಅಗ್ಗದಲ್ಲಿ ಅದು ಚೆನ್ನಾಗಿದೆ. ಕೋರ್ಚುಲಾಕ್ಕೆ ದಾಟಿದರೆ ಲುಂಬಾರ್ಡಾ ಹಳ್ಳಿಯ ಬಿಳಿ ವೈನ್ ಗರ್ಕ್ ಕುಡಿದು ನೋಡಿ. ಆ ಬಳ್ಳಿಗೆ ಹೆಣ್ಣು ಹೂ ಮಾತ್ರ ಬಿಡುವುದರಿಂದ ಪರಾಗಕ್ಕೆಂದು ಪಕ್ಕದಲ್ಲಿ ಪ್ಲಾವಾತ್ಸ್ ನೆಟ್ಟಿರುತ್ತಾರೆ; ಬೆಳೆಯುವುದೂ ಅಷ್ಟಕ್ಕಷ್ಟೇ, ಸಿಕ್ಕಲ್ಲೇ ಕುಡಿಯಬೇಕು. ರಸ್ತೆಬದಿಯಲ್ಲಿ ನೀರಿನ ಬಾಟಲಿಗೆ ತುಂಬಿಕೊಡುವ ಮನೆವೈನನ್ನು ಅಂದೇ ಸಂಜೆ ಮುಗಿಸಿ, ಊರಿಗೆ ತಂದು ವರ್ಷವಿಡೀ ಇಡುವುದಕ್ಕಲ್ಲ. ಅದಕ್ಕೆ ಅರ್ಧ ನೀರು ಬೆರೆಸಿ ಬೆವಾಂಡಾ ಮಾಡಿಕೊಂಡರೆ ಯಾರೂ ನಗುವುದಿಲ್ಲ, ಅಲ್ಲಿನವರೇ ಹಾಗೆ ಕುಡಿಯುತ್ತಾರೆ. ಡಿಂಗಾಚ್‌ಗೆ ನೀರು ಹಾಕಿದರೆ ಮಾತ್ರ ನೋಡಿ ಹೇಗೆ ದಿಟ್ಟಿಸುತ್ತಾರೆಂದು.

ಊರಿಗೆ ತರುವ ಸಾಮಾನಿನ ಲೆಕ್ಕ: ಒಬ್ಬರಿಗೆ ಸುಂಕವಿಲ್ಲದೆ ಎರಡು ಲೀಟರ್ ಮದ್ಯ. ಮುಕ್ಕಾಲು ಲೀಟರಿನ ಎರಡು ಬಾಟಲಿಗೆ ಒಂದೂವರೆ ಆಯಿತು. ಉಳಿದ ಅರ್ಧ ಲೀಟರನ್ನು ಖಾಲಿ ಬಿಡದೆ ಪ್ರೊಶೆಕ್‌ನ ಚಿಕ್ಕ ಬಾಟಲಿ ಸೇರಿಸಿ. ಒಣಗಿಸಿದ ದ್ರಾಕ್ಷಿಯ ಸಿಹಿ ವೈನ್ ಅದು, ಇಟಲಿಯ ಪ್ರೊಸೆಕ್ಕೊ ಅಲ್ಲ. ಮೂರನ್ನೂ ಚೆಕ್-ಇನ್ ಪೆಟ್ಟಿಗೆಯ ನಡುವೆ ಜೀನ್ಸ್ ಪ್ಯಾಂಟಿನೊಳಗೆ ಸುತ್ತಿಡಿ, ಕೈಚೀಲದಲ್ಲಿ ಬಿಡುವುದಿಲ್ಲ.