ಸರ್ಕಾರ ಬಡವರಿಗೆ ಕೊಡುವುದು ದಾನ ಆಗುತ್ತದಾ?

ರೇಷನ್ ಅಕ್ಕಿ, ವೃದ್ಧಾಪ್ಯ ವೇತನ, ಗೃಹಲಕ್ಷ್ಮಿಯ 2,000 ರೂಪಾಯಿ, ಇವೆಲ್ಲ ದಾನಧರ್ಮದ ಲೆಕ್ಕಕ್ಕೆ ಬರುತ್ತವಾ ಅಂತ ಕೇಳಿದ್ದೀರಿ. ಬರುವುದಿಲ್ಲ ಅಂತಲೇ ನನ್ನ ಉತ್ತರ. ಇದು ದಾನಕ್ಕಿಂತ ಗಟ್ಟಿಯಾದದ್ದು.

ಊರಿಗೆ ಹೋದಾಗ ಅಜ್ಜಿಯ ಜೊತೆ ನ್ಯಾಯಬೆಲೆ ಅಂಗಡಿಗೆ ಹೋಗುತ್ತೇನೆ. ಹುಲ್ಲು ಕೊಯ್ದು, ಪಾತ್ರೆ ತಿಕ್ಕಿ ಅಜ್ಜಿಯ ಹೆಬ್ಬೆಟ್ಟಿನ ಗೆರೆಗಳೇ ಸವೆದಿವೆ. ಮಷಿನ್ ಒಪ್ಪುವುದಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. ಬೇರೆ ಬೆರಳು ಇಡುತ್ತಾಳೆ. ಹಿಂದೆ ನಿಂತವರು ಗೊಣಗುತ್ತಾರೆ. ಕೊನೆಗೆ ಮಷಿನ್ ಬೀಪ್ ಅಂದರೆ ಸಾಕು, ಅಂಗಡಿಯವನಿಗೆ ಕೈ ಮುಗಿದು "ನಿಂಗೆ ಪುಣ್ಯ ಬರ್ಲಪ್ಪ" ಅನ್ನುತ್ತಾಳೆ. ಅದನ್ನು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಅದು ಅವಳ ಪಾಲಿನ ಅಕ್ಕಿ, ಅಲ್ವಾ?

ದಾನ ಅಂದರೆ ನಮ್ಮದನ್ನು ನಾವಾಗಿಯೇ ಕೊಡುವುದು. ಸರ್ಕಾರಕ್ಕೆ ತನ್ನದು ಅಂತ ಏನಿದೆ? ಖಜಾನೆಯಲ್ಲಿ ಇರುವುದು ಜನರ ದುಡ್ಡು. "ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಅವರಿಗೆ ಬಿಟ್ಟಿ ಊಟ" ಅನ್ನುವವರು ಒಂದು ವಿಷಯ ಮರೆಯುತ್ತಾರೆ. ಅಜ್ಜಿ ಆದಾಯ ತೆರಿಗೆ ಕಟ್ಟುವುದಿಲ್ಲ, ನಿಜ. ಆದರೆ ಮೊಬೈಲ್ ರೀಚಾರ್ಜ್ ಮಾಡಿಸಿದರೆ ಅವಳಿಗೂ ಶೇ. 18 ಜಿಎಸ್‌ಟಿ, ನನಗೂ ಅಷ್ಟೇ.

ಇನ್ನೊಂದು, ದಾನ ಕೊಡದಿದ್ದರೆ ಯಾರೂ ಕೇಳುವ ಹಾಗಿಲ್ಲ. ದೇವಸ್ಥಾನದಲ್ಲಿ ಇವತ್ತು ಅನ್ನಸಂತರ್ಪಣೆ ಇಲ್ಲ ಅಂದರೆ ಯಾರ ಮೇಲೆ ದೂರು ಕೊಡುತ್ತೀರಿ? ಸುಮ್ನೆ ವಾಪಸ್ ಬರಬೇಕು. ರೇಷನ್ ಹಾಗಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪ್ರಕಾರ ಆದ್ಯತಾ ಕುಟುಂಬದ, ಅಂದರೆ ಬಿಪಿಎಲ್ ಕಾರ್ಡಿನ ಮನೆಯ, ಒಬ್ಬೊಬ್ಬರಿಗೂ ತಿಂಗಳಿಗೆ 5 ಕೆ.ಜಿ. ಧಾನ್ಯ, ಕಡುಬಡವರಿಗೆ ಕೊಡುವ ಅಂತ್ಯೋದಯ ಕಾರ್ಡಿನ ಮನೆಗೆ 35 ಕೆ.ಜಿ. ಸಿಗಲೇಬೇಕು. ಸಿಗದಿದ್ದರೆ ಬದಲಿಗೆ ಭತ್ಯೆ ಕೊಡಬೇಕು. ದೂರು ಕೇಳಲು ಜಿಲ್ಲೆಗೊಬ್ಬ ಅಧಿಕಾರಿ ಇರಬೇಕು. ಶಾಲೆಯ ಬಿಸಿಯೂಟದ್ದೂ ಇದೇ ಕಥೆ. ಗೋದಾಮು ತುಂಬಿದ್ದರೂ ಜನ ಹಸಿದಿದ್ದಾರೆ ಅಂತ 2001ರಲ್ಲಿ ಕೇಸ್ ಹಾಕಿದ ಮೇಲೆ, ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು.

ಅದಕ್ಕೇ ಅನ್ನಭಾಗ್ಯ, ಕ್ಷೀರಭಾಗ್ಯ ಅನ್ನುವ ಹೆಸರುಗಳು ನನಗೆ ಹಿಡಿಸುವುದಿಲ್ಲ. ಭಾಗ್ಯ ಅಂದರೆ ಹಣೆಯಲ್ಲಿ ಬರೆದಿದ್ದರೆ ಸಿಗುವುದು. ನಮ್ಮ ಬಿಸಿಯೂಟದ ಹೆಸರು 'ಅಕ್ಷರ ದಾಸೋಹ' ಮಾತ್ರ ತುಂಬಾ ಇಷ್ಟ. ಶರಣರ ದಾಸೋಹದಲ್ಲಿ ಕೊಡುವವನು ಧಣಿಯಲ್ಲ, ದಾಸ. ತಲೆ ಬಾಗಬೇಕಾದವನು ಅವನೇ.

ಹಾಗಂತ ದಾನ ಸಣ್ಣದು ಅನ್ನುತ್ತಿಲ್ಲ. ಸಿದ್ಧಗಂಗಾ ಮಠದಲ್ಲಿ ಓದುವ ಸಾವಿರಾರು ಮಕ್ಕಳ ಊಟಕ್ಕೆ ಅಂತ ಒಬ್ಬ ರೈತ ತನ್ನ ಹೊಲದ ರಾಗಿ ಕೊಟ್ಟರೆ ಅದು ಅಪ್ಪಟ ದಾನ. ಯಾರೂ ಬಲವಂತ ಮಾಡಿಲ್ಲ. ತೆರಿಗೆ ಕಟ್ಟಿದ್ದೇ ದಾನ ಅಂದುಕೊಂಡು ನಾವು ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಅದು ಕೊಡಲೇಬೇಕಾದ ದುಡ್ಡು.

ಹೋದ ತಿಂಗಳು ಅಜ್ಜಿಗೆ ಹೇಳಿದೆ, "ಕೈ ಮುಗೀಬೇಡ ಅಜ್ಜಿ, ಅದು ನಿಂದೇ ಅಕ್ಕಿ." ಚೀಲದ ಬಾಯಿ ಕಟ್ಟುತ್ತಾ ಕೇಳಿದಳು, "ನಂದೇ ಆಗಿದ್ರೆ ಮೂರು ಮೂರು ಸಲ ಯಾಕೆ ಒತ್ತಿಸ್ಕೋತಾರೆ?"